ಗಾಳಿ ತಂದ ಅರ್ಧ ಹಾಡು

ಒಂದು ಸಿನಿಮಾ ಹಾಡಿದೆ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ನೀವು ನಗುತ್ತೀರಿ. ನಾಯಕ ಮಾವಿನ ತೋಪಿನಲ್ಲಿ ನಾಯಕಿಯನ್ನು ರೇಗಿಸುತ್ತಾ ಕುಣಿಯುವ ಮಾಮೂಲಿ ಹಾಡು. ಆದರೆ ದೂರದಲ್ಲೆಲ್ಲೋ ಅದು ಕೇಳಿಸಿದರೆ ಸಾಕು, ನನ್ನ ಮೂಗಿಗೆ ರೇಷ್ಮೆ ಹುಳದ ಮನೆಯ ವಾಸನೆ ಬರುತ್ತದೆ. ತಿಂದು ಬಿಟ್ಟ ಹಿಪ್ಪುನೇರಳೆ ದಂಟು, ಅದರ ಕೆಳಗಿನ ಹಿಕ್ಕೆ, ಗೋಡೆಯ ಸುಣ್ಣ, ಸೀಮೆಎಣ್ಣೆ ಲಾಟೀನಿನ ಹೊಗೆ, ಎಲ್ಲ ಸೇರಿದ ಬೆಚ್ಚಗಿನ ವಾಸನೆ. ಹಿಂದೆಯೇ ಗಂಟಲು ಕಟ್ಟುತ್ತದೆ. ಕುಣಿಯೋ ಹಾಡಿಗೆ ಅಳೋ ಹೆಂಗಸು ಅಂತ ನನ್ನ ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮೂರು ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ ಇದೆ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಕೋಲಾರ ಜಿಲ್ಲೆ. 2007ರಲ್ಲಿ ಜಿಲ್ಲೆ ಎರಡಾಯಿತು, ಈಗ ಆಧಾರ್ ಕಾರ್ಡಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಊರು ಮಾತ್ರ ಇದ್ದಲ್ಲೇ ಇದೆ. ರೇಷ್ಮೆ ಸೀಮೆ ನಮ್ಮದು. ನಾನು ಹುಡುಗಿಯಾಗಿದ್ದಾಗ ಮನೆಯ ಅರ್ಧ ನಮಗೆ, ಅರ್ಧ ಹುಳಕ್ಕೆ. ಒಳ್ಳೆಯ ಅರ್ಧ ಯಾವುದು ಅಂತ ಕೇಳಬೇಡಿ.

ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವುದಕ್ಕೆ ಮುಂಚೆ ಹುಳ ತಲೆ ಎತ್ತಿಕೊಂಡು, ಮೇವು ಬಿಟ್ಟು, ಸುಮ್ಮನೆ ಮಲಗುವುದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಇರುತ್ತಲ್ಲ, ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಸೊಪ್ಪು ಹರಡಿ ಲಾಟೀನು ಕೆಳಗಿಟ್ಟರೆ ಸಾವಿರಾರು ಬಾಯಿ ಒಟ್ಟಿಗೆ ಮೇಯುವ ಸದ್ದು ಕೇಳುತ್ತದೆ. ಥೇಟ್ ಸೋನೆ ಮಳೆ. ಹೊಸದಾಗಿ ಬಂದ ನೆಂಟರು ‘ಮಳೆ ಬಂತಾ?’ ಅಂತ ಕೇಳಿ ಹೊರಗೆ ಹೋಗಿ ನೋಡಿ ಬರುತ್ತಿದ್ದರು. ನಮ್ಮ ಕಡೆ ಮಳೆ ಎಷ್ಟು ಬರುತ್ತೆ ಅಂತ ಗೊತ್ತಿದ್ದವರು ಮಾತ್ರ ಹೋಗುತ್ತಿರಲಿಲ್ಲ.

ನನಗೆ ಹನ್ನೆರಡು ವರ್ಷ. ಆ ಬೇಸಿಗೆ ಪಕ್ಕದ ಊರಿಗೆ ಟೆಂಟ್ ಸಿನಿಮಾ ಬಂದಿತ್ತು. ಆಟ ಶುರುವಾಗುವ ಮುಂಚೆ ಬಿದಿರು ಗಳುವಿನ ತುದಿಗೆ ಕಟ್ಟಿದ ಮೈಕಿನಲ್ಲಿ ಹಾಡು ಹಾಕುತ್ತಿದ್ದರು. ಮೊದಲು ಒಂದು ದೇವರ ಹಾಡು, ಆಮೇಲೆ ನಾಲ್ಕೈದು ಸಿನಿಮಾ ಹಾಡು. ಆ ಟೆಂಟಿನವರ ಹತ್ತಿರ ಇದ್ದದ್ದೇ ಅಷ್ಟು ಅಂತ ಕಾಣುತ್ತೆ, ದಿನಾ ಅದೇ ಹಾಡು, ಅದೇ ಸಾಲಿನಲ್ಲಿ. ಸೆಕೆಂಡ್ ಷೋ ಹೊತ್ತಿಗೆ ನಾವು ರಾತ್ರಿಯ ಕೊನೆ ಮೇವು ಹಾಕುತ್ತಿದ್ದೆವು. ಹಾಡು ಕೆರೆ ಅಂಗಳ ದಾಟಿ ಬರಬೇಕು. ಗಾಳಿ ಈ ಕಡೆ ಬೀಸಿದರೆ ಎರಡು ಸಾಲು ಸಿಕ್ಕುತ್ತಿತ್ತು. ಗಾಳಿ ತಿರುಗಿದರೆ ಇಲ್ಲ. ಹಾಗಾಗಿ ಆ ಹಾಡಿನ ಪಲ್ಲವಿ ನನಗೆ ಪೂರ್ತಿ ಗೊತ್ತು, ಚರಣ ಅರ್ಧ ಗೊತ್ತು, ನಡುವಿನ ವಾದ್ಯ ಗೊತ್ತೇ ಇಲ್ಲ.

ಆ ಬೆಳೆ ಹೋಯಿತು. ನೂರೈವತ್ತು ಮೊಟ್ಟೆ ಸಾಕಿದ್ದೆವು, ಒಂದು ಚಿಟ್ಟೆ ಇಟ್ಟ ರಾಶಿಗೆಲ್ಲ ಸೇರಿ ಒಂದು ಮೊಟ್ಟೆ ಅಂತ ನಮ್ಮ ಲೆಕ್ಕ. ಇನ್ನೆರಡು ದಿನಕ್ಕೆ ಹುಳ ಹಣ್ಣಾಗಬೇಕು, ಹುಳ ಗೂಡು ಕಟ್ಟುವ ಚಂದ್ರಂಕಿ ಬಿಸಿಲಿಗೆ ಹಾಕಿ ರೆಡಿ ಮಾಡಿದ್ದೆವು. ಹಾಲುತೊಂಡೆ ರೋಗ ಬಿತ್ತು. ಹುಳ ಊದಿಕೊಂಡು, ತಟ್ಟೆಯ ಅಂಚಿನ ಮೇಲೆ ದಿಕ್ಕು ತಪ್ಪಿದ ಹಾಗೆ ಓಡಾಡಿ, ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಸುತ್ತದೆ. ಒಂದು ತಟ್ಟೆಗೆ ಬಂದರೆ ಮುಗೀತು. ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿದರು. ನಾನು ಲಾಟೀನು ಹಿಡಿದು ನಿಂತಿದ್ದೆ. ಒಂದೊಂದೇ ತಟ್ಟೆ ತಂದು ಸುರಿದು, ಮೇಲೆ ಸುಣ್ಣ ಚೆಲ್ಲಿದರು. ಆ ಹೊತ್ತಿಗೆ ಸರಿಯಾಗಿ ಗಾಳಿ ಈ ಕಡೆ ತಿರುಗಿತು. ಮಾವಿನ ತೋಪಿನ ಹಾಡು ಬಂತು. ತಟ್ಟೆ ಕೊಡವುತ್ತಾ ಕೊಡವುತ್ತಾ ಅಪ್ಪ ಅದರ ಜೊತೆ ಗುನುಗಿದರು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ‘ಹಾಡ್ತಾ ಇದೀರಲ್ಲಾ!’ ಅಂದಳು. ಬೈದದ್ದೋ ಅತ್ತದ್ದೋ ನನಗೆ ತಿಳಿಯಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ನನಗಂತೂ ಅಪ್ಪನ ಮೇಲೆ ತುಂಬಾ ದಿನ ಸಿಟ್ಟಿತ್ತು.

ನಲವತ್ತು ದಾಟಿದ ಮೇಲೆ ಒಂದು ದಿನ ಬೆಂಗಳೂರಿನ ಮನೆಯಲ್ಲಿ ಯೂಟ್ಯೂಬಿನಲ್ಲಿ ಆ ಹಾಡು ಹುಡುಕಿದೆ. ಸಿಕ್ಕಿತು. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಏನೂ ಬರಲಿಲ್ಲ! ವಾಸನೆಯಿಲ್ಲ, ಗಂಟಲು ಕಟ್ಟಲಿಲ್ಲ. ತಬಲಾ ಸ್ಪಷ್ಟ, ಪಿಟೀಲು ಸ್ಪಷ್ಟ, ಹಾಡು ಶುದ್ಧ. ಯಾರದೋ ಹಾಡು. ಮೋಸ ಹೋದ ಹಾಗೆ ಅನಿಸಿತು. ಎರಡು ದಿನ ಬಿಟ್ಟು ಏನೋ ಹೊಳೆದು ಫೋನನ್ನು ಬಚ್ಚಲುಮನೆಯ ಬಕೆಟ್ಟಿನೊಳಗೆ ಇಟ್ಟೆ. ಬಾಗಿಲು ಮುಚ್ಚಿ, ಹಾಲಿನಲ್ಲಿ ಫ್ಯಾನ್ ಜೋರಾಗಿ ಹಾಕಿ, ನೆಲದ ಮೇಲೆ ಕೂತೆ. ಹಾಡು ಅರ್ಧಂಬರ್ಧ ಕೇಳಿಸಿತು. ವಾಸನೆ ಬಂತು. ಸುಣ್ಣ ಚೆಲ್ಲುವ ಅಪ್ಪನ ಕೈ ಕಂಡಿತು. ಮಗ ರೂಮಿನಿಂದ ಎದ್ದು ಬಂದು, ಬಚ್ಚಲಲ್ಲಿ ಹಾಡು ಹಾಕಿ ಹಾಲಿನಲ್ಲಿ ಅಳುತ್ತಾ ಕೂತ ತಾಯಿಯನ್ನು ನೋಡಿ, ಏನೂ ಕೇಳದೆ ವಾಪಸು ಹೋದ. ಜಾಣ.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಲು ಶುರು ಮಾಡಿದೆ. ಎಂಡೆಲ್ ಟುಲ್ವಿಂಗ್ ಎಂಬ ಮನೋವಿಜ್ಞಾನಿ ತನ್ನ ಜೊತೆಗಾರನೊಂದಿಗೆ 1973ರಲ್ಲಿ ಒಂದು ಮಾತು ಹೇಳಿದ್ದಾನೆ. ನೆನಪು ಒಳಗೆ ಹೋಗುವಾಗ ಸುತ್ತಲಿನ ಸಂಗತಿಗಳನ್ನೂ ಕಟ್ಟಿಕೊಂಡೇ ಹೋಗುತ್ತದೆ, ಅದನ್ನು ಹೊರಗೆ ಎಳೆಯಬೇಕಾದರೆ ಎಳೆಯುವ ದಾರವೂ ಆ ಕಟ್ಟಿನದ್ದೇ ಆಗಿರಬೇಕು ಅಂತ. 1975ರಲ್ಲಿ ಗಾಡೆನ್ ಮತ್ತು ಬ್ಯಾಡ್ಲಿ ಎಂಬಿಬ್ಬರು ಮುಳುಗುಗಾರರನ್ನು ಸಮುದ್ರಕ್ಕೆ ಇಳಿಸಿ ನೀರಿನಡಿಯಲ್ಲೇ ಪದಗಳ ಪಟ್ಟಿ ಕಲಿಸಿದರು. ನೀರಿನಡಿ ಕಲಿತದ್ದು ದಡದಲ್ಲಿ ಕೇಳಿದರೆ ಕಡಿಮೆ ನೆನಪಾಯಿತು, ಮತ್ತೆ ನೀರಿಗೆ ಇಳಿದರೆ ಜಾಸ್ತಿ ನೆನಪಾಯಿತು. 2021ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಹಾಗೆ ಆಗಲಿಲ್ಲವಂತೆ, ಅದು ಬೇರೆ ಮಾತು. ನನ್ನ ಬಕೆಟ್ ಪ್ರಯೋಗದ ಮಟ್ಟಿಗೆ ನಾನು ಮೊದಲನೆಯವರ ಕಡೆ. ನನ್ನ ಒಳಗೆ ಕೂತಿದ್ದು ಆ ಹಾಡಲ್ಲ. ಕೆರೆ ದಾಟಿ ಬಂದ ಆ ಹಾಡಿನ ಚೂರು. ಇಡೀ ಹಾಡು ಹಾಕಿದರೆ ಅದಕ್ಕೆ ಗುರುತೇ ಸಿಕ್ಕಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಕಾಡಿತು. ಕಾಲೇಜಿನಲ್ಲಿ ನನ್ನ ಹತ್ತಿರ ಒಂದು ಕ್ಯಾಸೆಟ್ ಇತ್ತು. ಭಾವಗೀತೆಗಳದ್ದು. ಹಾಸ್ಟೆಲಿನಲ್ಲಿ ಊಟದ ದುಡ್ಡು ಉಳಿಸಿ ಕೊಂಡದ್ದು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಕೇಳಿದ್ದೇನೆ. ಈಗಲೂ ತಿಂಗಳಿಗೆ ಒಂದು ಸಲವಾದರೂ ಆ ಹಾಡುಗಳನ್ನು ಕೇಳುತ್ತೇನೆ. ಪ್ರೀತಿ ಅಂದರೆ ಅದರ ಮೇಲೆ. ಆದರೆ ಕಾಲೇಜು ನೆನಪಾಗುತ್ತದಾ ಅಂದರೆ, ಇಲ್ಲ. ಹಾಡು ಚೆನ್ನಾಗಿದೆ ಅನಿಸುತ್ತದೆ, ಅಷ್ಟೇ. ಮಗು ಮಲಗಿಸುವಾಗ ಕೇಳಿದೆ, ಬಸ್ಸಿನಲ್ಲಿ ಕೇಳಿದೆ, ಸಾರಿಗೆ ಒಗ್ಗರಣೆ ಹಾಕುವಾಗ ಕೇಳಿದೆ. ಒಂದೇ ಸ್ಲೇಟಿನ ಮೇಲೆ ಸಾವಿರ ಸಲ ಬರೆದು ಒರೆಸಿದ ಹಾಗಾಗಿದೆ. ಒಂದು ಸುಳಿವಿಗೆ ಹತ್ತಾರು ನೆನಪು ಜೋತುಬಿದ್ದರೆ ಸುಳಿವಿನ ಶಕ್ತಿ ಕುಂದುತ್ತದೆ ಅಂತ ಮನೋವಿಜ್ಞಾನದವರೂ ಹೇಳುತ್ತಾರೆ. ನಾವು ಆರಿಸಿ, ಕೊಂಡು, ಜೋಪಾನ ಮಾಡಿದ ಹಾಡು ಬರೀ ಹಾಡಾಗಿ ಉಳಿಯುತ್ತದೆ. ಬೇಡ ಬೇಡ ಅಂದರೂ ಎರಡು ತಿಂಗಳು ಕಿವಿಗೆ ಬಿದ್ದು ಆಮೇಲೆ ಮರೆಯಾದ ಹಾಡು ಆ ಎರಡು ತಿಂಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಈಗಿನ ಹುಡುಗರ ಬಗ್ಗೆ ನನಗೆ ಇರುವ ಚಿಂತೆ ಇದೊಂದೇ. ನನ್ನ ಮಗನ ಕಿವಿಗೆ ಅವನು ಆರಿಸದ ಹಾಡು ಬೀಳುವುದೇ ಇಲ್ಲ. ಆದರೂ ಗಣೇಶನ ಹಬ್ಬದ ಮೈಕು ಇರುವ ತನಕ ಪೂರ್ತಿ ಹತಾಶೆ ಬೇಡ ಅಂದುಕೊಳ್ಳುತ್ತೇನೆ.

ಹನ್ನೆರಡನೇ ವಯಸ್ಸಿನದ್ದೇ ಯಾಕೆ ಅಂಟಿಕೊಂಡಿತು ಅನ್ನುವುದಕ್ಕೂ ಉತ್ತರ ಇದೆ. ವಯಸ್ಸಾದವರನ್ನು ಕೂರಿಸಿ ಬದುಕಿನ ನೆನಪು ಹೇಳಿ ಅಂದರೆ ಹತ್ತರಿಂದ ಮೂವತ್ತು ವರ್ಷದ ನಡುವಿನದ್ದೇ ಹೆಚ್ಚಾಗಿ ಬರುತ್ತದೆ. ಮೊದಲ ಸಲದವು ಎಲ್ಲ ಆಗಲೇ ಅಲ್ವಾ. ಕ್ಯಾಲಿಫೋರ್ನಿಯಾದ ಪೀಟರ್ ಜನಾಟಾ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಅವರ ಚಿಕ್ಕ ವಯಸ್ಸಿನ ಹಾಡಿನ ತುಣುಕು ಕೇಳಿಸಿದ. ಸ್ವಂತ ಬದುಕಿನ ನೆನಪು ತಂದ ಹಾಡಿಗೆ ಹಣೆಯ ಹಿಂದೆ, ನಡುಮಧ್ಯದ ಜಾಗದಲ್ಲಿ ಮಿದುಳು ಚುರುಕಾಯಿತು. ನಮ್ಮಜ್ಜಿ ಏನಾದರೂ ನೆನಪು ಮಾಡಿಕೊಳ್ಳಬೇಕಾದರೆ ಹಣೆಯ ಮಧ್ಯ ಬೆರಳಿಟ್ಟು ತಟ್ಟುತ್ತಿದ್ದಳು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಓದುವಾಗ ಅಜ್ಜಿಯ ಬೆರಳೇ ಕಾಣುತ್ತಿತ್ತು.

ಹಾಡಿನ ಭಾವ ಬೇರೆ, ಹಾಡು ತರುವ ಭಾವ ಬೇರೆ. ಸಂಗೀತ ಬಲ್ಲವರು ಹೇಳುತ್ತಾರೆ, ನೀಲಾಂಬರಿ ಅಂದರೆ ಜೋಗುಳ, ಮುಖಾರಿ ಅಂದರೆ ದುಃಖ ಅಂತ. ಇರಬಹುದು. ನಾನು ಸಂಗೀತ ಕಲಿತವಳಲ್ಲ. ನಮ್ಮ ಕಡೆ ತಮಟೆ ಇದೆಯಲ್ಲ, ಅದಕ್ಕೆ ರಾಗವೇ ಇಲ್ಲ. ಒಂದು ಚರ್ಮ, ಎರಡು ಕಡ್ಡಿ, ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿದ ನಾದ. ಆದರೆ ಬಾಗಿಲು ಹಾಕಿಕೊಂಡು ಒಳಗೆ ಕೂತವರಿಗೂ ಪೆಟ್ಟು ಕೇಳಿದರೆ ಗೊತ್ತಾಗುತ್ತಿತ್ತು, ಇದು ಜಾತ್ರೆಯ ಬಡಿತ, ಇದು ಸಾವಿನ ಬಡಿತ ಅಂತ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ‘ಯಾರು ಹೋದರೋ’ ಅನ್ನುತ್ತಿದ್ದಳು. ಒಂದು ಮಾತೂ ಇಲ್ಲದೆ ಇಡೀ ಊರಿಗೆ ಸುದ್ದಿ ಮುಟ್ಟುತ್ತಿತ್ತು. ತಮಟೆ ಹಿಡಿದವರನ್ನು ಊರು ಹೇಗೆ ನಡೆಸಿಕೊಂಡಿತು ಅನ್ನುವುದು ನಾಚಿಕೆಯ ಕಥೆ. ಸಾವಿಗೆ ಬೇಕು, ದೇವರ ಮುಂದೆ ಬೇಕು, ಜಗಲಿ ಮೇಲೆ ಬೇಡ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದರಾದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಜಗಲಿ.

ವಾಲಗದ ಕಥೆಯೂ ಹೀಗೇ. ತಾಳಿ ಕಟ್ಟುವಾಗ ಗಟ್ಟಿಮೇಳ ಅಂತ ಕೂಗುತ್ತಾರಲ್ಲ, ಆಗ ನಾದಸ್ವರ ಡೋಲು ಎರಡೂ ಒಮ್ಮೆಲೇ ಏರಬೇಕು. ಕೆಟ್ಟ ಮಾತು, ಸೀನು, ಅಳು, ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಅಂತ. ಅಂದರೆ ಅದು ಕೇಳುವುದಕ್ಕೆ ಅಂತ ಬಾರಿಸುವುದಲ್ಲ, ಬೇರೇನೂ ಕೇಳಬಾರದು ಅಂತ ಬಾರಿಸುವುದು. ನನ್ನ ಮದುವೆಯಲ್ಲಿ ಅಪ್ಪ ಅತ್ತದ್ದು ಅದರ ಮರೆಯಲ್ಲೇ ಅಂತ ಆಮೇಲೆ ವಿಡಿಯೋದಲ್ಲಿ ನೋಡಿ ತಿಳಿಯಿತು. ಈಗ ಯಾರ ಮದುವೆಗೆ ಹೋದರೂ ಗಟ್ಟಿಮೇಳದಲ್ಲಿ ನಾನು ಅಕ್ಷತೆ ಎಸೆಯುವುದನ್ನು ಬಿಟ್ಟು ಹುಡುಗಿಯ ಅಪ್ಪನ ಮುಖ ನೋಡುತ್ತೇನೆ.

ನನ್ನ ಆ ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆಯಿತು.

ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಯಾರೋ ನೆಂಟರು ನಾಟಿ ಔಷಧಿ ಅಂದರು, ಅರ್ಧ ದಿನ ಅಲ್ಲೇ ಕಳೆಯಿತು. ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ಎಂದೋ ದಾಟಿತ್ತು. ಇದರ ಬಗ್ಗೆ ಇನ್ನು ಜಾಸ್ತಿ ಬರೆಯಲಾರೆ.

ಅಪ್ಪನಿಗೆ ಉಳಿದದ್ದು ಒಂದೇ ಮಾತು. ‘ಅದೇ.’ ನೀರು ಬೇಕಾದರೂ ಅದೇ, ಸೆಖೆಯಾದರೂ ಅದೇ, ನನ್ನ ಹೆಸರು ಕರೆಯುವುದಕ್ಕೂ ಅದೇ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕೆಂದದ್ದು ಬಾಯಿಗೆ ಬಂದು ‘ಅದೇ’ ಆಗಿಬಿಡುತ್ತಿತ್ತು. ಆಗ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯನ ಹತ್ತಿರ ಇಂಥದ್ದೇ ಒಬ್ಬ ರೋಗಿ ಇದ್ದನಂತೆ. ಏನು ಕೇಳಿದರೂ ‘ತಾನ್’ ಅನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಮಿದುಳು ನೋಡಿದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಮಾತಾಡುವ ಜಾಗ ಅಲ್ಲಿದೆ ಅಂತ ಲೋಕಕ್ಕೆ ತಿಳಿದದ್ದು ಹಾಗೆ.

ಹದಿನೈದು ಇಪ್ಪತ್ತು ದಿನ ಆಗಿರಬೇಕು. ಅಪ್ಪನನ್ನು ಊರಿಗೆ ಕರೆದುಕೊಂಡು ಬಂದಿದ್ದೆವು. ಹುಣ್ಣಿಮೆ ರಾತ್ರಿ. ರಾಮನ ಗುಡಿಯಲ್ಲಿ ಭಜನೆ ಇತ್ತು. ನಮ್ಮ ಸೀಮೆಯ ಸಂತಕವಿ ಕೈವಾರ ತಾತಯ್ಯನವರ ಪದ ಶುರುವಾಯಿತು. ಜಗಲಿಯ ಮೇಲೆ ಮಲಗಿದ್ದ ಅಪ್ಪನ ಗಂಟಲಿನಲ್ಲಿ ಏನೋ ಸದ್ದು. ಕೆಮ್ಮು ಅಂತ ಅಮ್ಮ ಓಡಿ ಬಂದಳು. ಕೆಮ್ಮಲ್ಲ. ಅಪ್ಪ ಹಾಡುತ್ತಿದ್ದರು. ಮಾತಿನ ಸಮೇತ. ತೆಲುಗಿನಲ್ಲಿ. ಒಂದು ಸಾಲು, ಇನ್ನೊಂದು ಸಾಲು, ಪಲ್ಲವಿಗೆ ವಾಪಸ್ಸು. ಎಲ್ಲೂ ‘ಅದೇ’ ಬರಲಿಲ್ಲ.

ಆ ಪದ ಅಜ್ಜಿಯದ್ದು. ಅಜ್ಜಿಯ ತವರು ಆಂಧ್ರದ ಗಡಿ ಕಡೆ. ನಮ್ಮ ಮನೆಮಾತು ಕನ್ನಡವಾದರೂ ಅಜ್ಜಿಯ ಹಾಡು, ಬೈಗುಳ, ಲೆಕ್ಕ ಎಲ್ಲ ತೆಲುಗಿನಲ್ಲೇ. ನಮ್ಮ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ತಾತಯ್ಯನವರೇ ಎರಡೂ ಭಾಷೆಯಲ್ಲಿ ಪದ ಕಟ್ಟಿದವರು. ಬಳೆ ಮಾರುತ್ತಾ ಊರೂರು ತಿರುಗಿದವರು. 1726ರಲ್ಲಿ ಹುಟ್ಟಿ 1836ರ ತನಕ, ನೂರಾ ಹತ್ತು ವರ್ಷ ಬದುಕಿದರು ಅಂತ ನಂಬಿಕೆ. ಅವರ ಪದಗಳು ನಮ್ಮ ಕಡೆಯ ಹೆಂಗಸರ ಬಾಯಲ್ಲಿ ರಾಗಿ ಬೀಸುವಾಗ, ಸೊಪ್ಪು ಕೊಯ್ಯುವಾಗ ಓಡಾಡಿದವು. ಅಜ್ಜಿ ಸೊಪ್ಪು ಕೊಯ್ಯುತ್ತಾ, ಸೆರಗಿನ ಜೋಳಿಗೆಯಲ್ಲಿ ಅಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಹಾಡುತ್ತಿದ್ದಳಂತೆ. ಅಂದರೆ ಅಪ್ಪನೂ ಆ ಪದವನ್ನು ಆರಿಸಿಕೊಂಡದ್ದಲ್ಲ.

ಅಮ್ಮ ಮಾತ್ರ ಮೂರು ದಿನ ಮುನಿಸಿಕೊಂಡಳು. ‘ಐವತ್ತು ವರ್ಷ ಬಾಳ್ವೆ ಮಾಡಿದೀನಿ. ನನ್ನ ಹೆಸರು ಬಾಯಿಗೆ ಬರಲ್ಲ. ಅತ್ತೆ ಪದ ಬಂತು ನೋಡು.’

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತು ಕಲಿಸುವ ಹುಡುಗಿಗೆ ಇದನ್ನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಇದು ಹಳೆಯ ಸಂಗತಿಯಂತೆ. ಸ್ವೀಡನ್ನಿನಲ್ಲಿ 1745ರಷ್ಟು ಹಿಂದೆಯೇ ಓಲಾಫ್ ಡಾಲಿನ್ ಎಂಬವನು, ಮಾತು ಹೋದ ಮನುಷ್ಯನೊಬ್ಬ ಚರ್ಚಿನ ಹಾಡನ್ನು ಸಲೀಸಾಗಿ ಹಾಡುವುದನ್ನು ಬರೆದಿಟ್ಟಿದ್ದಾನೆ. 1973ರಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಒಂದು ಚಿಕಿತ್ಸೆ ಮಾಡಿದರು. ಬೇಕಾದ ಮಾತನ್ನು ಎರಡು ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ರಾಗ ಎಳೆದು ಹೇಳಿಸುವುದು. ಪ್ರತಿ ಅಕ್ಷರಕ್ಕೂ ಎಡಗೈಯಿಂದ ತಾಳ ಹಾಕಿಸುವುದು. ಆಮೇಲೆ ನಿಧಾನಕ್ಕೆ ರಾಗ ಬಿಡಿಸಿ ಮಾತಿಗೆ ತರುವುದು. ಹಾಡಿಗೆ ಮಿದುಳಿನ ಬಲಗಡೆಯೂ ದುಡಿಯುತ್ತದೆ, ಎಡಗಡೆ ಕೆಟ್ಟರೂ ಅದು ಕೈಕೊಡುವುದಿಲ್ಲ ಅನ್ನುವುದು ಅವರ ಲೆಕ್ಕ. 2011ರಲ್ಲಿ ಜರ್ಮನಿಯವರು ಇದಕ್ಕೆ ತಕರಾರು ತೆಗೆದರು. ಕೆಲಸ ಮಾಡುವುದು ರಾಗ ಅಲ್ಲ, ತಾಳ, ಮತ್ತೆ ಬಾಯಿಪಾಠವಾದ ಮಾತು ಅಂತ. ನನಗೆ ಈ ಜಗಳ ಇಷ್ಟವಾಯಿತು. ಅಪ್ಪನ ವಿಷಯದಲ್ಲಿ ಜರ್ಮನಿಯವರೇ ಸರಿ ಅನಿಸುತ್ತದೆ. ಯಾಕೆಂದರೆ ಹೊಸ ಮಾತನ್ನು ಯಾವ ರಾಗದಲ್ಲಿ ಹಾಕಿಕೊಟ್ಟರೂ ಅಪ್ಪನಿಗೆ ಬೇಗ ಹತ್ತಲಿಲ್ಲ.

ಆ ಹುಡುಗಿಯ ತಾಳ್ಮೆ ದೊಡ್ಡದು. ಅಪ್ಪನ ಎಡಗೈ ಹಿಡಿದು ಮೇಜಿನ ಮೇಲೆ ತಟ್ಟಿಸುತ್ತಾ ‘ನೀ-ರು-ಬೇ-ಕು’ ಅಂತ ರಾಗವಾಗಿ ಹೇಳಿಸುತ್ತಿದ್ದಳು. ಅಪ್ಪನಿಗೆ ನಾಚಿಕೆ. ಮಕ್ಕಳ ಪಾಠದ ಹಾಗಿದೆ ಅಂತ ಕೈ ಎಳೆದುಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ ಅಮ್ಮ ಒಂದು ಉಪಾಯ ಮಾಡಿದಳು. ಅತ್ತೆಯ ಪದದ ತಾಳಕ್ಕೇ ‘ನೀರು ಬೇಕು, ಅನ್ನ ಬೇಕು’ ಅಂತ ಸೇರಿಸಿ ತಾನೇ ಹಾಡಿದಳು. ಹಾಡಲು ಬಾರದ ಹೆಂಗಸು ಅವಳು. ಶ್ರುತಿ ಎಲ್ಲೋ, ಅವಳೆಲ್ಲೋ. ಮೊದಲು ಅಪ್ಪ ನಕ್ಕರು. ಎಷ್ಟೋ ದಿನದ ಮೇಲೆ ‘ನೀರು’ ಬಂತು. ‘ಬೇಕು’ ಬರಲು ಇನ್ನೂ ಎರಡು ತಿಂಗಳು. ‘ಅನ್ನ’ ಈಗಲೂ ಒಮ್ಮೊಮ್ಮೆ ‘ಅದೇ’ ಆಗುತ್ತದೆ. ಕೊನೆಗೆ ಅಮ್ಮ ತನ್ನ ಹೆಸರನ್ನೂ ಆ ಪದದೊಳಗೆ ತೂರಿಸಿದಳು. ಅದು ಬಂತೋ ಇಲ್ಲವೋ ಕೇಳಬೇಡಿ, ಅವರಿಬ್ಬರೇ ಇದ್ದಾಗ ಬಂದಿದೆಯಂತೆ. ನಾನು ಕೇಳಿಸಿಕೊಂಡಿಲ್ಲ.

ಹೋದ ವರ್ಷ ಗುರುಪೂರ್ಣಿಮೆಗೆ ಅಪ್ಪನನ್ನು ಕೈವಾರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮೂರು ದಿನ ಹಗಲು ರಾತ್ರಿ ಬಿಡುವಿಲ್ಲದೆ ಸಂಗೀತ ನಡೆಯುತ್ತದೆ. ದೊಡ್ಡ ದೊಡ್ಡ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ಮಂಡಳಿಯವರೂ ಹಾಡುತ್ತಾರೆ. ನನಗೆ ಎರಡನೆಯವರೇ ಇಷ್ಟ. ಗಾಲಿಕುರ್ಚಿಯನ್ನು ಒಂದು ಕಂಬದ ಪಕ್ಕ ನಿಲ್ಲಿಸಿದೆ. ತಂಡ ಒಂದು ಪದ ಎತ್ತಿಕೊಂಡಿತು. ಜನ ಜೊತೆಗೂಡಿದರು. ಅಪ್ಪನೂ ಶುರು ಮಾಡಿದರು, ಎಡಗೈಯಲ್ಲಿ ತೊಡೆ ತಟ್ಟುತ್ತಾ. ಪಕ್ಕದಲ್ಲಿ ಕೂತಿದ್ದ ಅನಂತಪುರದ ಕಡೆಯ ಒಬ್ಬ ಅಜ್ಜ, ಹಾಡು ಮುಗಿದ ಮೇಲೆ ಅಪ್ಪನನ್ನು ತೆಲುಗಿನಲ್ಲಿ ಮಾತಾಡಿಸಿದರು, ಯಾವೂರು ಅಂತ. ಅಪ್ಪ ನನ್ನ ಮುಖ ನೋಡಿದರು. ನಾನು ಊರು ಹೇಳಿದೆ. ಆ ಅಜ್ಜ, ‘ಗಂಟಲು ಕಟ್ಟಿದೆಯಾ ಪಾಪ, ಅಷ್ಟು ಹಾಡಿದರೆ ಕಟ್ಟುತ್ತೆ’ ಅಂದು ಒಂದು ಕಲ್ಲುಸಕ್ಕರೆ ಚೂರು ಕೊಟ್ಟರು. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡರು. ನಾನು ತಿದ್ದಲಿಲ್ಲ.

ಮೊನ್ನೆ ದಸರಾ ರಜೆಗೆ ಊರಿಗೆ ಹೋಗಿದ್ದೆ. ಹುಳ ಬಿಟ್ಟು ಹನ್ನೊಂದು ವರ್ಷ. ಬೋರ್‌ವೆಲ್ ಸಾವಿರದ ಇನ್ನೂರು ಅಡಿಗೆ ಹೋಗಿ ಬರೀ ದೂಳು ಬಂದ ಮೇಲೆ ಹಿಪ್ಪುನೇರಳೆ ತೋಟ ಕಿತ್ತರು. ಹುಳದ ಮನೆಯಲ್ಲಿ ಈಗ ಹಳೆಯ ತಟ್ಟೆ, ಮುರಿದ ಚಂದ್ರಂಕಿ, ಅಮ್ಮನ ಹುಣಸೆಹಣ್ಣಿನ ಮಡಕೆ. ಸಂಜೆ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಸುಮ್ನೆ ನೋಡೋಣ ಅಂತ ಫೋನನ್ನು ಹುಳದ ಮನೆಯ ಒಳಗೆ, ತಟ್ಟೆಗಳ ಹಿಂದೆ ಇಟ್ಟು ಆ ಮಾವಿನ ತೋಪಿನ ಹಾಡು ಹಾಕಿದೆ. ಬಾಗಿಲು ಅರ್ಧ ತೆರೆದು ಬಂದು ಅಪ್ಪನ ಪಕ್ಕ ಕೂತೆ.

ಪಲ್ಲವಿ ಹೋಯಿತು. ಅಪ್ಪ ಬೀದಿ ನೋಡುತ್ತಿದ್ದರು. ಚರಣದ ಮಧ್ಯೆ ಎಲ್ಲೋ, ತುಟಿ ಮುಚ್ಚಿಕೊಂಡೇ ಗುನುಗಲು ಶುರು ಮಾಡಿದರು. ಮಾತಿಲ್ಲ, ಬರೀ ಧಾಟಿ. ಆವತ್ತು ಗುಂಡಿಯ ಪಕ್ಕ ಗುನುಗಿದ ಹಾಗೇ. ಕೇಳಬೇಕು ಅಂತ ಇಷ್ಟು ವರ್ಷ ಇಟ್ಟುಕೊಂಡ ಪ್ರಶ್ನೆ ಒಂದಿತ್ತು ನನ್ನ ಹತ್ತಿರ. ಕೇಳಲಿಲ್ಲ. ಕೇಳಿದರೆ ‘ಅದೇ’ ಅನ್ನುತ್ತಿದ್ದರು.

ಒಳಗೆ ಅಮ್ಮ ಮುದ್ದೆ ತೊಳಸುತ್ತಿದ್ದಳು. ಕೋಲಿನ ಸದ್ದು ನಿಂತಿತು.

‘ಆ ಬಾಗಿಲು ಹಾಕಮ್ಮಾ,’ ಅಂದಳು ಅಲ್ಲಿಂದಲೇ. ‘ಹುಳಕ್ಕೆ ಗಾಳಿ ಹೊಡೆಯುತ್ತೆ.’

ನಾನು ಎದ್ದು ಹೋಗಿ ಬಾಗಿಲು ಹಾಕಿದೆ.